ಕಟ್ಟಕಡೆಯ ಮನೆಯಿಂದ ಎಣಿಕೆ

2017ರ ಅಕ್ಟೋಬರ್ 2ರಂದು ಕರ್ನಾಟಕ ಸರ್ಕಾರ ‘ಮಾತೃಪೂರ್ಣ’ ಯೋಜನೆಯನ್ನು ರಾಜ್ಯದ ತುಂಬ ಆರಂಭಿಸಿತು. ಗರ್ಭಿಣಿಯರಿಗೆ, ಹೆರಿಗೆಯಾಗಿ ಆರು ತಿಂಗಳಾಗುವವರೆಗೆ ಬಾಣಂತಿಯರಿಗೆ, ಅಂಗನವಾಡಿಯಲ್ಲಿ ದಿನಕ್ಕೊಂದು ಬಿಸಿಯೂಟ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಅದಕ್ಕೂ ಮೊದಲು ಆಹಾರ ಪದಾರ್ಥವನ್ನು ಮನೆಗೇ ಕೊಟ್ಟು ಕಳಿಸುತ್ತಿದ್ದರು. ಮನೆಗೆ ಹೋದದ್ದು ಮನೆಮಂದಿಗೆಲ್ಲ ಹಂಚಿಹೋಗುವುದು ಸಹಜ. ನಮ್ಮ ಮನೆಗಳಲ್ಲಿ ಹೆಂಗಸರು ಉಣ್ಣುವುದು ಕಡೆಗೆ, ಉಳಿದದ್ದನ್ನು. ಬಸುರಿಯಾದರೂ ಅಷ್ಟೇ. ಹಾಗಾಗಿ ಅವಳನ್ನೇ ಕೂರಿಸಿ, ಕಣ್ಣೆದುರೇ ಬಡಿಸೋಣ ಎಂದು ಯೋಚಿಸಿದವರ ಕಾಳಜಿಯನ್ನು ನಾನು ಮನಸಾರೆ ಗೌರವಿಸುತ್ತೇನೆ.

ಬಯಲುಸೀಮೆಯ ಹಳ್ಳಿಗಳಲ್ಲಿ, ಮನೆಗೆ ಮನೆ ತಾಗಿಕೊಂಡಿರುವ ಕಡೆ, ಇದು ನಡೆಯುವ ಮಾತು. ಮಲೆನಾಡಿನ ಕಡೆ ಬನ್ನಿ. ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆಮರದ ಕಾಲುಸಂಕ. ಆಷಾಢದ ಮಳೆಯಲ್ಲಿ ಎಂಟು ತಿಂಗಳ ಬಸುರಿ ಆ ಸಂಕ ದಾಟಿ ಒಂದು ಊಟಕ್ಕಾಗಿ ಹೋಗಿ ಬರುವುದಾದರೂ ಹೇಗೆ? ಹಸಿ ಬಾಣಂತಿಯ ವಿಷಯ ಇನ್ನೂ ಕಷ್ಟ. ತಲೆಗೆ ಬಟ್ಟೆ ಕಟ್ಟಿಕೊಂಡು, ಬೆಚ್ಚಗೆ ಮನೆಯೊಳಗಿರಬೇಕಾದ ದಿನಗಳಲ್ಲಿ ಅವಳನ್ನು ಹೊಸಿಲು ದಾಟಲು ಹಿರಿಯರು ಬಿಡುವುದಿಲ್ಲ. ಅವಳಿಗೂ ಮೈಯಲ್ಲಿ ತ್ರಾಣವಿರುವುದಿಲ್ಲ. ಕರಾವಳಿ, ಮಲೆನಾಡಿನಿಂದ ಈ ದೂರು ಮೊದಲಿನಿಂದಲೂ ಕೇಳಿಬಂತು. ಊಟ ಸಿದ್ಧವಾಗಿತ್ತು, ಹಣ ಬಿಡುಗಡೆಯಾಗಿತ್ತು, ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಆದರೂ ಅವಳ ಪಾಲಿಗೆ ಆ ಊಟ ಇರಲಿಲ್ಲ.

ಸರ್ಕಾರದ ಹಣದಿಂದ ನಡೆಯುವ ಯಾವ ಸೇವೆಯಲ್ಲೇ ಆಗಲಿ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂದು ಕೇಳುವುದಕ್ಕಿಂತ, ಬಾರದೆ ಉಳಿದವರು ಯಾರು, ಯಾಕೆ ಎಂದು ಕೇಳಬೇಕು. ಬಂದವರನ್ನು ಎಣಿಸುವ ರಿಜಿಸ್ಟರು ಎಲ್ಲ ಕಚೇರಿಗಳಲ್ಲೂ ಇದೆ. ಬಾರದವರನ್ನು ಹುಡುಕಿ ಎಣಿಸುವುದೂ ಸೇವೆ ಕೊಡುವವರ ಕರ್ತವ್ಯವೇ ಎಂದು ನಮ್ಮ ನ್ಯಾಯಾಲಯಗಳು, ಕಾಯ್ದೆಗಳು ಎರಡು ದಶಕದಿಂದ ಹೇಳುತ್ತಾ ಬಂದಿವೆ. ಅಂಗನವಾಡಿಯನ್ನು ಮುಂದಿಟ್ಟುಕೊಂಡು ಇವತ್ತು ಆ ಮಾತನ್ನು ಹೇಳಬೇಕೆಂದಿದ್ದೇನೆ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆಗಳಲ್ಲಿ ಪ್ರಯೋಗವಾಗಿ. ನಮ್ಮ ರಾಜ್ಯದಲ್ಲಿ ಅದರ ಮೊದಲ ನೆಲ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಕರ್ನಾಟಕದಲ್ಲಿ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಇವಿಷ್ಟೂ ಆ ಒಂದು ಕೋಣೆಯ ಸುತ್ತ ನಡೆಯಬೇಕು. ಸರ್ಕಾರದ ಬೇರೆ ಯಾವ ಸೇವೆಯೂ ಜನರ ಮನೆಬಾಗಿಲಿಗೆ ಇಷ್ಟು ಹತ್ತಿರ ಬಂದಿಲ್ಲ. ಹತ್ತಿರ ಬಂದಿರುವುದರಿಂದಲೇ ಯಾರ ಬಾಗಿಲಿಗೆ ಬಂತು, ಯಾರ ಬಾಗಿಲಿಗೆ ಬರಲಿಲ್ಲ ಎಂಬುದೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬಹಳ ಕಾಲ ಇದು ಯೋಜನೆಯಾಗಿಯೇ ಇತ್ತು. ಯೋಜನೆ ಎಂದರೆ ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವಂತಿಲ್ಲ. ಅದು ಬದಲಾದದ್ದು 2001ರಲ್ಲಿ. ರಾಜಸ್ಥಾನದಲ್ಲಿ ಬರ, ಭಾರತ ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿತ್ತು, ಹಳ್ಳಿಗಳಲ್ಲಿ ಜನ ಹಸಿದಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ ಎಂಟು ಆಹಾರ ಯೋಜನೆಗಳನ್ನು ಜನರ ಹಕ್ಕು ಎಂದು ಪರಿಗಣಿಸಿತು. ಅಂಗನವಾಡಿ ಅವುಗಳಲ್ಲಿ ಒಂದು. ಪ್ರತಿಯೊಂದು ಜನವಸತಿಗೂ ಅಂಗನವಾಡಿ ಇರಬೇಕು ಎಂದಿತು. 2004ರ ಅಕ್ಟೋಬರ್ 7ರ ಆದೇಶ ಇನ್ನೂ ಮುಂದಕ್ಕೆ ಹೋಯಿತು: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಕೇರಿ, ಹಾಡಿಗಳಿಗೆ ಆದಷ್ಟು ಬೇಗ ಅಂಗನವಾಡಿ ಕೊಡಿ, ಆಹಾರ ಪೂರೈಕೆಗೆ ಗುತ್ತಿಗೆದಾರರನ್ನು ತರಬೇಡಿ, ಬಡತನ ರೇಖೆಯ ಕಾರ್ಡು ಇದ್ದರೆ ಮಾತ್ರ ಊಟ ಎನ್ನಬೇಡಿ. ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ. ಅಂಗನವಾಡಿಯ ಊಟಕ್ಕೂ ಪಡಿತರ ಚೀಟಿಗೂ ಸಂಬಂಧವಿಲ್ಲ. ಮಗುವಿಗೆ ಆರು ವರ್ಷ ತುಂಬಿಲ್ಲ ಎಂಬುದೇ ಅದರ ಅರ್ಹತೆ.

2006ರ ಡಿಸೆಂಬರ್ 13ರ ಆದೇಶ ಇವೆಲ್ಲಕ್ಕಿಂತ ದೊಡ್ಡದು ಎಂದು ನನ್ನ ಭಾವನೆ. ಒಂದು ವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಲ್ಲಿ ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ಸರ್ಕಾರ ಅಂಗನವಾಡಿ ತೆರೆಯಬೇಕು. ಹಳ್ಳಿಯ ಜನರಿಗೂ ಈ ಹಕ್ಕಿದೆ, ನಗರದ ಕೊಳೆಗೇರಿಯವರಿಗೂ ಇದೆ. ಸರ್ಕಾರವೇ ಎಣಿಸಿ, ತೂಗಿ, ನಿರ್ಧರಿಸಿ ಕೊಡುವವರೆಗೂ ಕಾಯಬೇಕಾಗಿಲ್ಲ. ಕೇರಿಯ ಹೆಂಗಸರು ಕೂತು ತಮ್ಮ ಮಕ್ಕಳನ್ನು ತಾವೇ ಎಣಿಸಿ ಕೇಳಬಹುದು. ಈ ಹಕ್ಕು ಇದೆ ಎಂದು ಎಷ್ಟು ಜನರಿಗೆ ಗೊತ್ತು? ನಾನು ಕೇಳಿ ನೋಡಿದ ಹೆಚ್ಚಿನ ತಾಯಂದಿರಿಗೆ ಗೊತ್ತಿರಲಿಲ್ಲ. ಈ ಭಾಷಣಕ್ಕೆ ಒಪ್ಪಿಕೊಂಡದ್ದರ ಕಾರಣಗಳಲ್ಲಿ ಅದೂ ಒಂದು.

ಆಮೇಲೆ 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಅದರ ನಾಲ್ಕನೆಯ ಕಲಂ ಗರ್ಭಿಣಿ, ಬಾಣಂತಿಯರಿಗೆ, ಐದನೆಯ ಕಲಂ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತ ಊಟ ಕೊಡಬೇಕೆನ್ನುತ್ತದೆ. ಕೊಡಬೇಕಾದ ಊಟ ಕೊಡದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಎಂಟನೆಯ ಕಲಂ ಹೇಳುತ್ತದೆ. ಮೂವತ್ತನೆಯ ಕಲಂ ಇನ್ನೂ ಗಮನಾರ್ಹ: ಗುಡ್ಡಗಾಡು, ಬುಡಕಟ್ಟು ಪ್ರದೇಶ, ತಲುಪಲು ಕಷ್ಟವಾದ ದೂರದ ಜಾಗಗಳಲ್ಲಿರುವ ದುರ್ಬಲರ ಕಡೆ ಸರ್ಕಾರಗಳು ವಿಶೇಷ ಗಮನ ಕೊಡಬೇಕು. ಅಂದರೆ ದೂರ ಎಂಬುದು ಸೇವೆ ಕೊಡದಿರುವುದಕ್ಕೆ ನೆಪವಾಗುವಂತಿಲ್ಲ. ಹೆಚ್ಚು ಗಮನ ಕೊಡುವುದಕ್ಕೆ ಕಾರಣವಾಗಬೇಕು. ಕೋವಿಡ್ ಕಾಲದಲ್ಲಿ ಅಂಗನವಾಡಿಗಳು ಮುಚ್ಚಿದ್ದಾಗ, 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದೇ ಕಾಯ್ದೆಯನ್ನು ನೆನಪಿಸಿ, ಸೋಂಕಿನ ನಿರ್ಬಂಧಿತ ವಲಯಗಳ ಹೊರಗೆ ಅವುಗಳನ್ನು ತೆರೆಯಲು ಹೇಳಿತು.

ಕಾಗದದ ಮೇಲೆ ಇಷ್ಟೆಲ್ಲ ಇದೆ. ನೆಲದ ಮೇಲೆ ಇಳಿಯುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಮೊದಲನೆಯದು, ಊರು ಎಂದರೆ ಯಾವುದು ಎಂಬಲ್ಲಿ. ಕಂದಾಯ ದಾಖಲೆಯಲ್ಲಿ ಊರು ಒಂದೇ. ಆ ಒಂದರೊಳಗೆ ಎಷ್ಟು ಊರುಗಳು! ಕಲಬುರಗಿ, ವಿಜಯಪುರದ ಕಡೆ ಲಂಬಾಣಿ ತಾಂಡಾಗಳು, ಚಿತ್ರದುರ್ಗ, ತುಮಕೂರಿನ ಗೊಲ್ಲರಹಟ್ಟಿಗಳು, ರಾಯಚೂರು, ಯಾದಗಿರಿಯ ದೊಡ್ಡಿಗಳು, ಹೆಗ್ಗಡದೇವನಕೋಟೆ ಮತ್ತು ಕೊಡಗಿನ ಹಾಡಿಗಳು, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆಮಹದೇಶ್ವರ ಬೆಟ್ಟದ ಸೋಲಿಗರ ಪೋಡುಗಳು. ಇವು ಮೂಲ ಊರಿನಿಂದ ಎರಡು ಮೂರು ಕಿಲೋಮೀಟರು ದೂರದಲ್ಲಿರಬಹುದು, ನಡುವೆ ಕಾಡಿರಬಹುದು, ಹೆದ್ದಾರಿ ಇರಬಹುದು. ಲೆಕ್ಕದಲ್ಲಿ ಮಾತ್ರ ಊರಿನೊಳಗೇ ಇರುತ್ತವೆ. ಊರಿಗೆ ಅಂಗನವಾಡಿ ಇದೆ ಎಂದು ಕಡತ ಹೇಳಿದರೆ ಅದು ಸುಳ್ಳಲ್ಲ. ಆದರೆ ಆ ನಿಜ ಮೂರು ವರ್ಷದ ಮಗುವಿನ ಪುಟ್ಟ ಕಾಲುಗಳ ಅಳತೆಯಲ್ಲಿ ಬರೆದದ್ದಲ್ಲ.

ಇದಕ್ಕೆ ನಿಯಮದಲ್ಲೇ ಪರಿಹಾರವೂ ಇದೆ. ಸಾಮಾನ್ಯ ಪ್ರದೇಶದಲ್ಲಿ 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ ಎಂದು ಮಾನದಂಡ. ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ 300 ಜನರಿದ್ದರೆ ಸಾಕು. 150 ಜನರ ಸಣ್ಣ ವಸತಿಗೂ ಮಿನಿ ಅಂಗನವಾಡಿ ಕೊಡಬಹುದು. ಚದುರಿ ಬದುಕುವವರಿಗೆ ಕಡಿಮೆ ಸಂಖ್ಯೆಗೇ ಕೇಂದ್ರ ಕೊಡುವ ಈ ಲೆಕ್ಕ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಎಲ್ಲರಿಗೂ ಒಂದೇ ಅಳತೆ ಹಿಡಿದರೆ ಕಾಡಂಚಿನ ಹಾಡಿಗೆ ಎಂದೆಂದಿಗೂ ಅಂಗನವಾಡಿ ಬರುವುದಿಲ್ಲ. ಆದರೆ ಮಿನಿ ಕೇಂದ್ರದಲ್ಲಿ ಕಾರ್ಯಕರ್ತೆ ಒಬ್ಬಳೇ, ಸಹಾಯಕಿ ಇಲ್ಲ. ಅಡುಗೆ, ಪಾಠ, ತೂಕ, ದಾಖಲೆ ಎಲ್ಲವೂ ಒಂದೇ ಜೋಡಿ ಕೈಗಳಿಂದ. ಕಷ್ಟದ ಜಾಗಕ್ಕೆ ಹೆಚ್ಚು ಕೈ ಬೇಕಾಗಿತ್ತು, ನಾವು ಕಡಿಮೆ ಕೊಟ್ಟೆವು. ಮಿನಿ ಕೇಂದ್ರಗಳನ್ನು ಪೂರ್ಣ ಕೇಂದ್ರಗಳಾಗಿ ಮೇಲ್ದರ್ಜೆಗೆ ಏರಿಸುವ ಕೆಲಸ ಈಗ ನಡೆದಿದೆ. ಅದರಲ್ಲಿ ಕಾಡಂಚಿಗೇ ಮೊದಲ ಪಾಲು ಸಿಗಲಿ ಎಂಬುದು ನನ್ನ ಆಸೆ.

ಎರಡನೆಯದು, ಕಟ್ಟಡ ಯಾವ ಬೀದಿಯಲ್ಲಿದೆ ಎಂಬುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಭೆಗಳಲ್ಲಿ ಈ ಮಾತು ಬಂದ ಕೂಡಲೆ ವಿಷಯ ಬದಲಾಯಿಸುವವರೇ ಹೆಚ್ಚು. ಅಂಗನವಾಡಿ ಊರ ನಡುವೆ, ಗುಡಿಯ ಪಕ್ಕ, ಮೇಲ್ಜಾತಿಯವರ ಓಣಿಯಲ್ಲಿದ್ದರೆ ದಲಿತ ಕೇರಿಯ ಮಗು ಅಲ್ಲಿಗೆ ಹೋಗಬಹುದು ಎಂದು ನಿಯಮ ಹೇಳುತ್ತದೆ. ಹೋದ ಮಗುವನ್ನು ಎಲ್ಲಿ ಕೂರಿಸುತ್ತಾರೆ, ಯಾರು ಎತ್ತಿಕೊಳ್ಳುತ್ತಾರೆ, ಹೆಸರು ಹಿಡಿದು ಕರೆಯುತ್ತಾರೋ ಕೇರಿ ಹಿಡಿದು ಕರೆಯುತ್ತಾರೋ ಎಂಬುದನ್ನು ಯಾವ ನಮೂನೆಯೂ ಕೇಳುವುದಿಲ್ಲ. ತಾಯಿ ಅದನ್ನು ಒಂದೇ ದಿನದಲ್ಲಿ ಅರ್ಥ ಮಾಡಿಕೊಳ್ಳುತ್ತಾಳೆ. ಮರುದಿನ ಮಗುವನ್ನು ಕೂಲಿಗೆ ಹೋಗುವ ಹೊಲದ ಬದುವಿಗೇ ಕರೆದುಕೊಂಡು ಹೋಗುತ್ತಾಳೆ. ಹಾಜರಿಯಲ್ಲಿ ಅದು ‘ಗೈರು’. ಅವಮಾನ ಎಂಬ ಕಾಲಂ ರಿಜಿಸ್ಟರಿನಲ್ಲಿ ಇಲ್ಲ.

ಉಲ್ಟಾ ಕೂಡ ನಡೆಯುತ್ತದೆ. ಕೇರಿಯಲ್ಲಿ ಅಂಗನವಾಡಿ ಕಟ್ಟಿದರೆ, ದಲಿತ ಮಹಿಳೆ ಅಡುಗೆಗೆ ನಿಂತರೆ, ಊರಿನ ಕೆಲವು ಮನೆಗಳು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸುತ್ತವೆ. ಆಗ ಅಧಿಕಾರಿಗಳು ಊರಿನ ನೆಮ್ಮದಿಯ ಹೆಸರಿನಲ್ಲಿ ಅಡುಗೆಯವಳನ್ನೇ ಬದಲಾಯಿಸಿದರೆ ಅದು ಶುದ್ಧ ಅನ್ಯಾಯ. ಶಾಲೆಯ ಬಿಸಿಯೂಟದ ವಿಷಯದಲ್ಲಿ ಸುಪ್ರೀಂ ಕೋರ್ಟು 2004ರ ಏಪ್ರಿಲ್ 20ರಂದೇ ಆದೇಶ ಕೊಟ್ಟಿದೆ: ಅಡುಗೆಯವರು, ಸಹಾಯಕರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ. ಆ ಆದೇಶದ ಹಿಂದಿರುವ ವಿವೇಕ ಅಂಗನವಾಡಿಗೂ ಸಲ್ಲುವಂಥದ್ದು. ಸರ್ಕಾರದ ದುಡ್ಡಿನಲ್ಲಿ ಬೇಯುವ ಅನ್ನಕ್ಕೆ ಊರಿನ ಮಡಿಯ ನಿಯಮ ಅನ್ವಯಿಸುವುದಿಲ್ಲ. ನಾಲ್ಕು ವರ್ಷದ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಂಡರೆ ಅವರಿಗೆ ಏನೂ ಆಗುವುದಿಲ್ಲ. ಅವರ ಅಜ್ಜಂದಿರಿಗೆ ಮಾತ್ರ ಕಷ್ಟವಾಗುತ್ತದೆ. ಆ ಕಷ್ಟವನ್ನು ಅಜ್ಜಂದಿರೇ ಅನುಭವಿಸಲಿ.

ಮೂರನೆಯದು ವಲಸೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರ ಶೀಟಿನ ಶೆಡ್ಡುಗಳು, ಕಬ್ಬು ಕಡಿಯಲು ಊರೂರು ಸುತ್ತುವವರ ಗುಡಿಸಲುಗಳು, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದ ಲೈನ್‌ಮನೆಗಳು. ಇಲ್ಲಿನ ಮಕ್ಕಳ ಹೆಸರು ಹುಟ್ಟಿದೂರಿನ ಅಂಗನವಾಡಿಯಲ್ಲಿರುತ್ತದೆ, ಮಗು ಇಲ್ಲಿರುತ್ತದೆ. ಅಲ್ಲಿ ಊಟ ಇಲ್ಲ, ಇಲ್ಲಿ ಹೆಸರಿಲ್ಲ. ಹೆಸರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅವಕಾಶ ಅಂಗನವಾಡಿಯ ದಾಖಲೆಗೆ ಬಳಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿದೆ. ಅದನ್ನು ಬಳಸಲು ಕಾರ್ಯಕರ್ತೆ ಶೆಡ್ಡುಗಳವರೆಗೆ ನಡೆದು ಹೋಗಬೇಕು, ಮೇಸ್ತ್ರಿಯ ಮನವೊಲಿಸಬೇಕು, ಮೇಲ್ವಿಚಾರಕಿ ಅವಳ ಬೆನ್ನಿಗೆ ನಿಲ್ಲಬೇಕು. ತೋಟದ ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಅವರ ಮಗುವಿಗೆ ಕನ್ನಡ ಬಾರದು, ಕಾರ್ಯಕರ್ತೆಗೆ ಆ ಮಗುವಿನ ಮಾತು ತಿಳಿಯದು. ಹಸಿವು ಮಾತ್ರ ಇಬ್ಬರಿಗೂ ತಿಳಿಯುತ್ತದೆ. ಅಲ್ಲಿಂದಲೇ ಶುರು ಮಾಡಬಹುದು.

ಇಂಥ ಕುಟುಂಬಗಳನ್ನು ಬಾಗಿಲಿನಲ್ಲೇ ನಿಲ್ಲಿಸುವುದು ಹೆಚ್ಚಾಗಿ ಆಧಾರ್. ಈ ವಿಷಯದಲ್ಲಿ ನೆನೆಯಬೇಕಾದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ ಅವರು ಸಲ್ಲಿಸಿದ ಅರ್ಜಿಯ ಮೇಲೆ 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆಧಾರ್ ವ್ಯವಸ್ಥೆ ಉಳಿಯಿತು. ಆದರೆ ಆಧಾರ್ ಸಂಖ್ಯೆ ತೋರಿಸಲಾಗಲಿಲ್ಲ ಎಂಬ ಕಾರಣಕ್ಕೆ ಯಾವ ಮಗುವಿಗೂ ಕಲ್ಯಾಣ ಯೋಜನೆಯ ಲಾಭ ತಪ್ಪಬಾರದು ಎಂದು ಅದೇ ತೀರ್ಪು ಹೇಳಿತು. ಕಾರ್ಡು ತಂದ ಮೇಲೆ ಬನ್ನಿ ಎಂದು ತಾಯಿಯನ್ನು ವಾಪಸು ಕಳಿಸುವವರು ಈ ತೀರ್ಪಿಗೆ ವಿರುದ್ಧವಾಗಿ ನಡೆಯುತ್ತಿದ್ದಾರೆ. ಮನೆಗೆ ಒಯ್ಯುವ ಆಹಾರಕ್ಕೆ ಈಗ ಮೊಬೈಲಿನಲ್ಲಿ ಮುಖ ಗುರುತಿಸುವ ಪದ್ಧತಿಯೂ ಬಂದಿದೆ. ಕಳ್ಳಲೆಕ್ಕ ತಡೆಯಬೇಕು ಎಂಬುದನ್ನು ಒಪ್ಪುತ್ತೇನೆ. ಸಿಗ್ನಲ್ ಸಿಗದ ಪೋಡಿನಲ್ಲಿ ಆ ಪರದೆ ತಿರುಗುತ್ತಾ ನಿಂತರೆ ತಾಯಿ ಬರಿಗೈಯಲ್ಲಿ ಹೋಗುವಂತಾಗಬಾರದು.

ಇನ್ನು ಅಂಗವಿಕಲ ಮಕ್ಕಳು. ಇವರನ್ನು ನಾವು ಎಣಿಸಿದ್ದೇ ಕಡಿಮೆ. ಎಷ್ಟೋ ಅಂಗನವಾಡಿಗಳಿಗೆ ಎತ್ತರದ ಮೆಟ್ಟಿಲು, ಇಳಿಜಾರು ದಾರಿ ಇಲ್ಲ, ಶೌಚಾಲಯದ ಬಾಗಿಲಲ್ಲಿ ಎತ್ತಿಕೊಂಡ ತಾಯಿ ಮತ್ತು ಮಗು ಒಟ್ಟಿಗೆ ಹಿಡಿಸುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಒದಗುವಂತಿರಬೇಕು ಎಂದಿತು. ಹಳೆಯ ಕಟ್ಟಡಗಳಿಗೆ ಐದು ವರ್ಷದ ಗಡುವು ಹಾಕಿತು. ಗಡುವು ಕಳೆದುಹೋಯಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಮಾನದಂಡಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕನಿಷ್ಠ ಮಟ್ಟದವನ್ನು ಕಡ್ಡಾಯ ಮಾಡಿ ಎಂದಿತು. ಆದರೂ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ಕಣ್ಣು. ಮಗು ಕತ್ತು ನಿಲ್ಲಿಸುತ್ತಿಲ್ಲ, ಕರೆದರೆ ತಿರುಗುತ್ತಿಲ್ಲ, ವರ್ಷವಾದರೂ ಕೂರುತ್ತಿಲ್ಲ ಎಂಬುದನ್ನು ಮನೆಯವರಾದ ಮೇಲೆ ಮೊದಲು ಕಾಣುವವಳು ಅಂಗನವಾಡಿ ಕಾರ್ಯಕರ್ತೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳಿಗಾಗಿಯೇ ಅಂಗನವಾಡಿಗಳಿಗೆ ಒಂದು ಕಾರ್ಯವಿಧಾನ ಹೊರತಂದಿತು: ಬೇಗ ಗುರುತಿಸುವುದು, ಎಲ್ಲ ಮಕ್ಕಳ ಜೊತೆ ಸೇರಿಸಿಕೊಳ್ಳುವುದು, ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ತಂಡದ ಮೂಲಕ ಚಿಕಿತ್ಸೆಗೆ ಕಳಿಸುವುದು. ಎರಡನೆಯ ವರ್ಷದಲ್ಲಿ ಗುರುತಿಸಿದ ಕಿವುಡುತನಕ್ಕೂ ಎಂಟರಲ್ಲಿ ಗುರುತಿಸಿದ್ದಕ್ಕೂ ಒಂದು ಜೀವಮಾನದ ಅಂತರವಿದೆ.

ಇಷ್ಟನ್ನೂ ಮಾಡಬೇಕಾದವಳು ಯಾರು? ಸರ್ಕಾರದ ಕಣ್ಣಲ್ಲಿ ಅವಳು ನೌಕರಳಲ್ಲ, ಗೌರವಧನದ ಸೇವಕಿ. ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗೌರವಧನ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುತ್ತದೆ. 2017ರ ಮಾರ್ಚಿನಲ್ಲಿ ಈ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿಗೆ ಬಂದು ಹಗಲು ರಾತ್ರಿ ಬೀದಿಯಲ್ಲಿ ಕೂತದ್ದು ನಿಮಗೆ ನೆನಪಿರಬಹುದು. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅವರು ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪು ಕೊಟ್ಟು, ಅವರ ಕೆಲಸದ ಭಾರವನ್ನು ಗುರುತಿಸಿತು. ಕಟ್ಟಕಡೆಯ ಮನೆಯವರೆಗೆ ನಡೆದು ಹೋಗು ಎಂದು ನಾವು ಅವಳಿಗೆ ಹೇಳುತ್ತೇವೆ. ಹಾಗೆ ಹೇಳುವ ಹಕ್ಕು ನಮಗೆ ಬರಬೇಕಾದರೆ ಅವಳ ಕೂಲಿ ನ್ಯಾಯವಾಗಿರಬೇಕು. ಕೊಡುವವಳಿಗೇ ಅನ್ಯಾಯವಾಗುವ ಸೇವೆಯಲ್ಲಿ ಪಡೆಯುವವರಿಗೆ ನ್ಯಾಯ ಸಿಗುತ್ತದೆ ಎಂದು ನಾನು ನಂಬುವುದಿಲ್ಲ.

ಕೇಳುಗರೆ, ಈಗ ಏನು ಮಾಡಬಹುದು ಎಂದು ಹೇಳಿ ಮುಗಿಸುತ್ತೇನೆ. ನಿಮ್ಮ ಕೇರಿ, ತಾಂಡಾ, ಶೆಡ್ಡಿನ ಸಾಲಿನಲ್ಲಿ ಆರು ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡಿ. ಹೆಸರು, ವಯಸ್ಸು, ತಾಯಿಯ ಹೆಸರು. ಅಂಗವಿಕಲ ಮಗುವನ್ನೂ ಬರೆಯಿರಿ. ಸುಗ್ಗಿಗೆ ಹೋಗಿ ಮರಳುವ ಕುಟುಂಬದ ಮಕ್ಕಳನ್ನೂ ಬಿಡಬೇಡಿ. ಹತ್ತಿರದ ಅಂಗನವಾಡಿಗೆ ಎಷ್ಟು ದೂರ, ನಡುವೆ ಹಳ್ಳವೋ ಹೆದ್ದಾರಿಯೋ, ಸೇರಿಸಿ. ಅರ್ಜಿ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒ ಕಚೇರಿಗೆ ಹೋಗಬೇಕು. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ. 2006ರ ಆದೇಶದ ಪ್ರಕಾರ ಕೇಳುತ್ತಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಖು ಹಾಕಿಸಿಕೊಳ್ಳಿ, ಏಕೆಂದರೆ ಮೂರು ತಿಂಗಳ ಲೆಕ್ಕ ಆ ತಾರೀಖಿನಿಂದ. ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ನಿಮ್ಮ ಕೇರಿಯ ತಾಯಿಯೊಬ್ಬಳು ಇದ್ದಾಳೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ ಎಂದು ಕೇಳಿ. ವರ್ಷಕ್ಕೊಮ್ಮೆ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಇದನ್ನು ಶಾಲೆಯ ಮಕ್ಕಳೇ ಎದ್ದು ಕೇಳಬಹುದು. ತಮ್ಮ ತಂಗಿ ತಮ್ಮಂದಿರ ಪರವಾಗಿ ಅವರು ಚೆನ್ನಾಗಿಯೇ ಕೇಳುತ್ತಾರೆ. ಊಟ ನಿರಾಕರಿಸಿದರೆ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲೆಯ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಬಹುದು. ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರಿನಲ್ಲಿ ಕಾರ್ಯಕರ್ತೆಯನ್ನು ಬೈಯುವುದು ಬೇಡ. ಯಾವ ಮಗುವಿಗೆ, ಯಾವ ದಿನದಿಂದ, ಏನು ಸಿಕ್ಕಿಲ್ಲ ಎಂದಷ್ಟೇ ಬರೆಯಿರಿ.